ಸಕ್ಕರೆ ಇಲ್ಲದ ಮನೆ

ಆ ಬೀದಿಯ ಅರ್ಧಕ್ಕರ್ಧ ಗೋಡೆಗಳನ್ನು ಕಟ್ಟಿದವನು ಮೇಸ್ತ್ರಿ. ಕಟ್ಟಿದ ಕೈಗಳಿಗೆಲ್ಲ ಟೀ ಕೊಟ್ಟವಳು ಅವನ ಹೆಂಡತಿ. ಗಂಡ ಎಲ್ಲಿ ಪಾಯ ತೋಡಿಸಿದರೂ ಅಲ್ಲಿಗೆ ಅವಳ ಸ್ಟವ್ ಹೋಗುತ್ತಿತ್ತು. ಗಾರೆ ಕಲಸುವವರು, ಇಟ್ಟಿಗೆ ಹೊರುವವರು, ಕೈಯಲ್ಲಿ ನಕ್ಷೆ ಹಿಡಿದು ಓಡಾಡುವ ಎಂಜಿನಿಯರು, ಎಲ್ಲರೂ ಅದೇ ಟೀ ಕುಡಿದು ಬಾಯಿ ಚಪ್ಪರಿಸಿದವರೇ. ಹೀಗಾಗಿ ಅವಳಿಗೆ ಟೀಯಮ್ಮ ಎಂಬ ಹೆಸರು ನಿಂತುಬಿಟ್ಟಿತು. ಹೆತ್ತವರು ಇಟ್ಟ ಹೆಸರು ಕಾಗದಪತ್ರಗಳಲ್ಲಿ ಮಾತ್ರ ಉಳಿಯಿತು.

ಇಂಥ ಟೀಯಮ್ಮನ ಅಡುಗೆಮನೆಯಿಂದ ಸಕ್ಕರೆ ಡಬ್ಬಿಯನ್ನು ಹೊರಗೆ ಹಾಕುವುದೆಂದರೆ ಸಾಮಾನ್ಯದ ಮಾತೇ? ಹಾಕಿದವಳು ಸೊಸೆ.

ಸೊಸೆ ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವವಳು. ಓದಿದ್ದಾಳೆ, ನೆಟ್ಟಗೆ ನಡೆಯುತ್ತಾಳೆ, ಮಾತೂ ಅಷ್ಟೇ ನೆಟ್ಟಗೆ. ಮೇಸ್ತ್ರಿಯ ಸಕ್ಕರೆ ಕಾಯಿಲೆಗೆ ಇನ್ನು ಮಾತ್ರೆ ಸಾಲದು, ಇನ್ಸುಲಿನ್ ಚುಚ್ಚಿಕೊಳ್ಳಲೇಬೇಕು ಎಂದು ಡಾಕ್ಟರಮ್ಮ ಹೇಳಿದ ದಿನ ಸಂಜೆ ಅವಳು ಒಂದು ಚೀಲ ಹಿಡಿದು ಅಡುಗೆಮನೆಗೆ ಬಂದಳು.

"ಅತ್ತೆ, ಇವತ್ತಿಂದ ಈ ಮನೇಲಿ ಸಕ್ಕರೆ ಇಲ್ಲ."

"ಇಲ್ಲ ಅಂದ್ರೇನೇ? ಖಾಲಿ ಆಗಿಲ್ವಲ್ಲ, ಮೊನ್ನೆ ತಾನೆ ತಂದಿದೀವಿ."

"ಖಾಲಿ ಆಗಿಲ್ಲ. ನಾನು ಖಾಲಿ ಮಾಡ್ತಿದೀನಿ."

ಡಬ್ಬಿ ಹೋಯಿತು. ಹಿಂದೆಯೇ ಬೆಲ್ಲ ಹೋಯಿತು, ಜ್ಯಾಮ್ ಹೋಯಿತು, ಜೇನು ಹೋಯಿತು, ಫ್ರಿಜ್ಜಿನಲ್ಲಿದ್ದ ತಂಪು ಪಾನೀಯದ ಜಾಗಕ್ಕೆ ಸಕ್ಕರೆ ಇಲ್ಲದ್ದು ಎಂದು ಬರೆದ ಬಾಟಲಿ ಬಂತು. ಚೀಲದಿಂದ ಕೊನೆಗೆ ಹೊರಬಂದದ್ದು ಹೆಬ್ಬೆರಳಿನಷ್ಟು ಉದ್ದದ ಒಂದು ಬಿಳಿ ಡಬ್ಬಿ. ತಲೆಯ ಮೇಲೆ ಒತ್ತಿದರೆ ಟಕ್ ಎಂದು ಒಂದು ಮಾತ್ರೆ ಉದುರುತ್ತದೆ.

"ಒಂದು ಲೋಟಕ್ಕೆ ಒಂದು ಮಾತ್ರೆ. ಒಂದು ಚಮಚ ಸಕ್ಕರೆಯಷ್ಟೇ ಸಿಹಿ. ರಕ್ತದಲ್ಲಿ ಮಾತ್ರ ಸಕ್ಕರೆ ಏರಲ್ಲ," ಎಂದಳು ಸೊಸೆ.

"ಅವರಿಗೆ ಕಾಯಿಲೆ ಅಂದ್ರೆ ಅವರಿಗೆ ಹಾಕು. ನನಗೇನು ಬಂದಿದೆ ಧಾಡಿ?"

"ನಿಮ್ಮ ಡಬ್ಬಿ ಕೈಗೆ ಸಿಗೋ ಹಾಗಿರೋ ತನಕ ಮಾವನ ಕೈ ಸುಮ್ನಿರಲ್ಲ ಅತ್ತೆ. ಇದ್ರೆ ಎಲ್ಲರಿಗೂ ಇರಬೇಕು, ಇಲ್ದಿದ್ರೆ ಯಾರಿಗೂ ಇಲ್ಲ."

ಅದು ನಿಜವಾಗಿತ್ತು, ಅದಕ್ಕೇ ಟೀಯಮ್ಮನಿಗೆ ಇನ್ನಷ್ಟು ಸಿಟ್ಟು ಬಂತು. ಮೇಸ್ತ್ರಿ ಬೆಕ್ಕಿನ ಹಾಗೆ ಅಡುಗೆಮನೆಗೆ ನುಗ್ಗಿ ಬಾಯಿಗೆ ಸಕ್ಕರೆ ಸುರಿದುಕೊಳ್ಳುವುದನ್ನು ಅವಳೇ ಎಷ್ಟೋ ಸಲ ಹಿಡಿದಿದ್ದಳು. ಅವಳು ಟೀ ಮಾಡಿ, ಮುಖ ಸಿಂಡರಿಸಿಕೊಂಡೇ ಟಕ್, ಟಕ್ ಎಂದು ಮಾತ್ರೆ ಉದುರಿಸಿದಳು. ಮೇಸ್ತ್ರಿ ಒಂದು ಗುಟುಕು ಕುಡಿದು ಕಣ್ಣು ಕಿರಿದು ಮಾಡಿದ.

"ಸಿಹಿ ಏನೋ ಇದೆ. ಆಮೇಲೆ ನಾಲಗೆ ಹಿಂದೆ ಯಾರೋ ನಾಣ್ಯ ಇಟ್ಟ ಹಾಗಿದೆ."

ಆ ಹೊತ್ತಿಗೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಮಗ ಕೆಲಸ ಮುಗಿಸಿ ಬಂದ. ಮಾತ್ರೆ ಡಬ್ಬಿ ನೋಡಿದ್ದೇ ತಡ, ಫೋನ್ ತೆಗೆದು ಒಂದು ವಿಡಿಯೋ ಹಾಕಿ ಹೆಂಡತಿಯ ಮುಖಕ್ಕೆ ಹಿಡಿದ.

"ಇದು ತಿಂದ್ರೆ ಕ್ಯಾನ್ಸರ್ ಬರುತ್ತಂತೆ ಕಣೇ. ನೋಡು, ಡಾಕ್ಟರೇ ಹೇಳ್ತಿದಾನೆ."

"ಡಾಕ್ಟರ್ ಅಂತ ನಿಮಗೆ ಯಾರು ಹೇಳಿದ್ರು?"

"ಬಿಳಿ ಕೋಟು ಹಾಕಿದಾನಲ್ಲ."

"ಐಸ್‌ಕ್ರೀಮ್ ಮಾರೋನೂ ಹಾಕ್ತಾನೆ." ಅವಳು ಫೋನನ್ನು ಪಕ್ಕಕ್ಕೆ ಸರಿಸಿದಳು. "ಇದಕ್ಕೆ ದಿನಕ್ಕೆ ಇಷ್ಟು ಅಂತ ಮಿತಿ ಇದೆ. ನಾವು ಕುಡಿಯೋ ಟೀಗೆ ಅದರ ಹತ್ರಕ್ಕೂ ಹೋಗಲ್ಲ. ವರ್ಷಗಟ್ಟಲೆ ತಿಂದ್ರೆ ಏನಾಗುತ್ತೆ ಅಂತ ಇನ್ನೂ ಪರೀಕ್ಷೆ ಮಾಡ್ತಾನೇ ಇದಾರೆ, ಇಲ್ಲ ಅನ್ನಲ್ಲ. ತೂಕ ಇಳಿಯುತ್ತೆ ಅಂತ ನಂಬಿ ನುಂಗಬೇಡಿ ಅಂತಾನೂ ಹೇಳ್ತಾರೆ. ಆದ್ರೆ ಮಾವನಿಗೆ ಇವತ್ತು ಕಣ್ಣೆದುರಿಗಿರೋ ಅಪಾಯ ಸಕ್ಕರೆ, ಈ ಮಾತ್ರೆ ಅಲ್ಲ."

ಮಗ ಫೋನ್ ಜೇಬಿಗಿಳಿಸಿ ಊಟಕ್ಕೆ ಕುಳಿತ. ಆ ಮನೆಯಲ್ಲಿ ಅವಳ ಎದುರು ವಾದಕ್ಕೆ ನಿಂತು ಗೆದ್ದವರಿಲ್ಲ.

ಸಕ್ಕರೆ ತುಂಬಿದ್ದ ಹಳೇ ತಗಡಿನ ಡಬ್ಬಿಯನ್ನು ಸೊಸೆ ಹಾಗೆಯೇ ಪಕ್ಕದ ಮನೆಯ ಟೈಲರಮ್ಮನಿಗೆ ಕೊಟ್ಟಳು. ಕೊಟ್ಟು ಸುಮ್ಮನೆ ಬರಬಾರದೆ? "ನೀವೂ ಕಮ್ಮಿ ಮಾಡಿ ಆಂಟಿ, ಇದು ಬಿಳಿ ವಿಷ. ನಮ್ಮನೇಲಿ ಹುಡುಕಿದ್ರೂ ಒಂದು ಕಾಳು ಸಿಗಲ್ಲ," ಎಂದು ಉಪದೇಶವನ್ನೂ ಕೊಟ್ಟು ಬಂದಳು. ಟೈಲರಮ್ಮ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನು ತೆಗೆದು, "ವಿಷ ಅಂತೀಯ, ನನಗೇ ತಂದು ಕೊಡ್ತೀಯ," ಎಂದಳಂತೆ. ಟೀಯಮ್ಮ ಇದನ್ನು ಕೇಳಿ ಒಳಗೊಳಗೇ ನಕ್ಕಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ತನಗೆ ತಾನೇ ಹೇಳಿಕೊಂಡು, ಅಕ್ಕಿ ಡಬ್ಬಿಯ ಹಿಂದೆ ಒಂದು ಸಣ್ಣ ಸಕ್ಕರೆ ಪೊಟ್ಟಣ ಬಚ್ಚಿಟ್ಟಳು. ತಿನ್ನಬೇಕೆಂದಲ್ಲ. ತನ್ನ ಅಡುಗೆಮನೆಯಲ್ಲಿ ತನ್ನ ಮಾತೂ ಒಂದಿಷ್ಟು ನಡೆಯಬೇಕೆಂದು, ಅಷ್ಟೇ.

ಮೊದಲ ವಾರಗಳು ಚೆನ್ನಾಗಿಯೇ ಹೋದವು. ಮಾವನ ಬಾಯಿಚಪಲ ಕಂಡು ಸೊಸೆ ಅಂಗಡಿಯಿಂದ ಶುಗರ್‌ಲೆಸ್ ಬಿಸ್ಕತ್ತು ತಂದಳು, ದಿನಕ್ಕೆ ಎರಡೇ ಎಂದು ಕಟ್ಟಪ್ಪಣೆ ಮಾಡಿದಳು. ಮೇಸ್ತ್ರಿ ತಲೆಯಾಡಿಸಿದ. ಅಷ್ಟು ಬೇಗ ತಲೆಯಾಡಿಸಿದಾಗಲೇ ಮನೆಯವರು ಅನುಮಾನಪಡಬೇಕಿತ್ತು.

ತಿಂಗಳ ತಪಾಸಣೆಯಲ್ಲಿ ಸಕ್ಕರೆ ಇಳಿಯುವ ಬದಲು ಏರಿ ಕೂತಿತ್ತು. ಡಾಕ್ಟರಮ್ಮ ಇನ್ಸುಲಿನ್ ಪ್ರಮಾಣ ಹೆಚ್ಚಿಸಿ ಕಳಿಸಿದರು. ಸೊಸೆ ಮನೆಗೆ ಬಂದವಳೇ ಕೈಚೀಲವನ್ನೂ ಕೆಳಗಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಅತ್ತೆ, ನಿಜ ಹೇಳಿ. ಮಾವನಿಗೆ ಸಕ್ಕರೆ ಹಾಕಿ ಟೀ ಕೊಡ್ತಿದೀರಾ?"

"ಯಾರು, ನಾನಾ?"

"ಅಕ್ಕಿ ಡಬ್ಬಿ ಹಿಂದೆ ಪೊಟ್ಟಣ ಇದೆ. ನೋಡಿದೀನಿ. ಹಿರಿಯರು ಅಂತ ಇಷ್ಟು ದಿನ ಸುಮ್ನಿದ್ದೆ."

ಟೀಯಮ್ಮ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಪೊಟ್ಟಣ ತಂದು ಸೊಸೆಯ ಮೂಗಿನ ಕೆಳಗೆ ಹಿಡಿದಳು.

"ದಾರ ಬಿಚ್ಚಿದೆಯಾ ನೋಡು. ಅಂಗಡಿಯವನು ಕಟ್ಟಿದ ಗಂಟು ಹಾಗೇ ಇದೆಯೋ ಇಲ್ವೋ? ನನ್ನ ಗಂಡನಿಗೆ ನಾನೇ ವಿಷ ಹಾಕ್ತೀನಾ?"

"ನಾನು ಹಾಗಂದೆನಾ..."

"ಅಂದಿದೀಯ. ಬಾಯಲ್ಲಿ ಅನ್ನಬೇಕಾ?"

ಟೀಯಮ್ಮ ಗಂಟನ್ನು ಹಲ್ಲಿನಿಂದ ಕಿತ್ತು, ಇಡೀ ಪೊಟ್ಟಣವನ್ನು ಸಿಂಕಿಗೆ ಸುರಿದು ನಲ್ಲಿ ಬಿಟ್ಟಳು. "ಇನ್ನು ಈ ಮನೇಲಿ ಒಂದು ಕಾಳು ಸಕ್ಕರೆ ಸಿಕ್ಕಿದ್ರೆ ನನ್ನ ಕೇಳು," ಎಂದಳು. ನೀರಿನ ಸದ್ದಿನಲ್ಲಿ ಸೊಸೆಯ ಉತ್ತರ ಕೇಳಿಸಲಿಲ್ಲ. ಆಮೇಲೆ ಕೆಲವು ದಿನ ಅವರಿಬ್ಬರ ನಡುವೆ ಪಾತ್ರೆಗಳು ಮಾತ್ರ ಮಾತಾಡಿದವು.

ಕಳ್ಳ ಸಿಕ್ಕಿದ್ದು ಮೇಸ್ತ್ರಿಯ ಕೆಲಸದ ಚೀಲದಲ್ಲಿ. ಸಿಮೆಂಟು ಮೆತ್ತಿದ ಚೀಲವನ್ನು ತೊಳೆಯಲೆಂದು ಟೀಯಮ್ಮ ಕೊಡವಿದಾಗ ಕರಣೆ, ಗೋಡೆಯ ನೇರ ನೋಡುವ ತೂಗುಗುಂಡಿನ ಜೊತೆ ಶುಗರ್‌ಲೆಸ್ ಬಿಸ್ಕತ್ತಿನ ಖಾಲಿ ಪ್ಯಾಕೆಟ್ಟುಗಳು ಸರಸರನೆ ಉದುರಿದವು. ಮೇಸ್ತ್ರಿ ತಾನೇ ಕೊಂಡು ತಂದು, ಹೊತ್ತಿಗೊಂದು ಪ್ಯಾಕೆಟ್ಟು ಮುಗಿಸುತ್ತಿದ್ದ.

"ಸಕ್ಕರೆ ಇಲ್ಲ ಅಂತ ಬರೆದಿದಾರಲ್ಲೇ," ಎಂದ, ಏನೂ ಅರಿಯದ ಮಗುವಿನ ಮುಖ ಮಾಡಿಕೊಂಡು.

"ಮೈದಾ ಇದೆಯಲ್ಲ ಮಾವ!" ಸೊಸೆ ತಲೆ ಚಚ್ಚಿಕೊಂಡಳು. "ಸಕ್ಕರೆ ಹಾಕದಿದ್ರೂ ಮೈದಾ ಹೊಟ್ಟೆಗೆ ಹೋಗಿ ಸಕ್ಕರೇನೇ ಆಗುತ್ತೆ. ಅದಕ್ಕೇ ಎರಡೇ ಅಂದಿದ್ದು!"

ಟೀಯಮ್ಮ ಖಾಲಿ ಪ್ಯಾಕೆಟ್ಟುಗಳನ್ನು ಒಂದೊಂದಾಗಿ ಬಿಡಿಸಿ, ನೀಟಾಗಿ ಜೋಡಿಸಿ, ಸೊಸೆ ಊಟಕ್ಕೆ ಕೂರುವ ಜಾಗದಲ್ಲಿ ಇಟ್ಟಳು. ಸೊಸೆ ಅದನ್ನು ನೋಡಿ ಕೆಂಪಾದಳು. "ತಪ್ಪು ತಿಳ್ಕೊಂಡೆ ಅತ್ತೆ," ಎನ್ನುವ ಮಾತು ಗಂಟಲಿನವರೆಗೆ ಬಂದು ಅಲ್ಲೇ ಉಳಿಯಿತು. ಬಿಂಕದಲ್ಲಿ ಅತ್ತೆ ಸೊಸೆ ಇಬ್ಬರೂ ಒಂದೇ ಅಚ್ಚಿನ ಇಟ್ಟಿಗೆಗಳು.

ಬಿಸ್ಕತ್ತು ಅಂದೇ ನಿಂತಿತು. ಆದರೆ ಬಿಸ್ಕತ್ತು ಏರಿಸಿದ ಸಕ್ಕರೆಗೆಂದು ಹೆಚ್ಚಿಸಿದ್ದ ಇನ್ಸುಲಿನ್ ಹಾಗೆಯೇ ಮುಂದುವರಿಯಿತು. ಡಾಕ್ಟರಮ್ಮನಿಗೆ ಒಂದು ಮಾತು ಹೇಳಬೇಕೆಂದು ಜಗಳದ ಗದ್ದಲದಲ್ಲಿ ಯಾರಿಗೂ ಹೊಳೆಯಲಿಲ್ಲ.

ಮುಂದಿನ ಭಾನುವಾರ ಮೇಸ್ತ್ರಿ ಹಿತ್ತಲಿನ ಗೋಡೆಗೆ ಕೈ ಹಾಕಿದ. ಲಾರಿಯೊಂದು ಹಿಂದಕ್ಕೆ ಬರುವಾಗ ಅದರ ಮೂಲೆಯನ್ನು ಕೆಡವಿಹೋಗಿತ್ತು. ಕೂಲಿಯವರನ್ನು ಕರೆಸೋಣವೆಂದು ಮಗ ಅಂದದ್ದಕ್ಕೆ ಮೇಸ್ತ್ರಿಗೆ ಎಲ್ಲಿಲ್ಲದ ಅವಮಾನವಾಯಿತು.

"ಊರಿನ ಗೋಡೆಯೆಲ್ಲ ನಾನು ಕಟ್ಟಬೇಕು, ನನ್ನ ಗೋಡೆ ಇನ್ನೊಬ್ಬ ಕಟ್ಟಬೇಕಾ?"

ಮಧ್ಯಾಹ್ನ ಇನ್ಸುಲಿನ್ ಚುಚ್ಚಿಸಿಕೊಂಡ. ಟೀಯಮ್ಮ ತಟ್ಟೆಗೆ ಅನ್ನ, ತರಕಾರಿ ಬಡಿಸಿ ಕರೆದಳು. "ಈ ಸಾಲು ಮುಗಿಸಿ ಬಂದೆ," ಎಂದ. ಮತ್ತೆ ಕರೆದಳು. "ಗಾರೆ ಗಟ್ಟಿಯಾಗುತ್ತೆ ಕಣೇ, ಇನ್ನೊಂದು ಸಾಲು." ಅನ್ನ ಆರಿತು. ಅವಳು ಬೈಯುತ್ತ ಹಿತ್ತಲಿಗೆ ಹೋದಳು.

ಗೋಡೆ ಸೊಂಟದೆತ್ತರಕ್ಕೆ ಬಂದಿತ್ತು. ಅವಳ ಕಣ್ಣು ಮೇಲಿನ ಸಾಲಿಗೆ ಹೋಯಿತು. ಒಂದು ಇಟ್ಟಿಗೆ ಸೊಟ್ಟಗಿತ್ತು. ಅದರ ಪಕ್ಕದ್ದು ಇನ್ನೂ ಸೊಟ್ಟ. ಮದುವೆಯಾದಾಗಿನಿಂದ ಅವಳು ಈ ಮನುಷ್ಯನ ಕೆಲಸ ನೋಡುತ್ತ ಬಂದಿದ್ದಾಳೆ. ದಾರ ಕಟ್ಟದೆ, ಬರೀ ಕಣ್ಣಳತೆಯಲ್ಲಿ ಇಟ್ಟರೂ ಅವನ ಇಟ್ಟಿಗೆ ಅಲುಗಿದ್ದಿಲ್ಲ.

"ಏನೂಂದ್ರೆ, ಇಲ್ಲಿ ನೋಡಿ."

ಅವನು ತಿರುಗಿದ. ಅಂಗಿ ನೀರಲ್ಲಿ ಅದ್ದಿ ತೆಗೆದ ಹಾಗಿತ್ತು. ಕೈ ನಡುಗುತ್ತಿತ್ತು. "ಯಾರು ನೀನು, ನೀರು ಹಾಕು," ಎಂದು ಅವಳನ್ನೇ ಗದರಿ, ಗಾರೆಯ ಬಾಣಲೆಯ ಪಕ್ಕ ಕುಸಿದು ಕುಳಿತ.

ಅವಳ ಕೂಗಿಗೆ ಮಗ, ಸೊಸೆ ಇಬ್ಬರೂ ಓಡಿ ಬಂದರು. ಮಗ ಅಪ್ಪನನ್ನು ಎತ್ತಿ ಒಳಗೆ ತಂದು ಮಲಗಿಸಿದ. ಸೊಸೆ ಮಾವನ ಬೆರಳಿಗೆ ಸೂಜಿ ಚುಚ್ಚಿ, ಸಕ್ಕರೆ ಅಳೆಯುವ ಮೀಟರ್ ನೋಡಿದಳು.

"ಸಕ್ಕರೆ ಪೂರಾ ಇಳಿದುಬಿಟ್ಟಿದೆ. ಅತ್ತೆ, ಸಿಹಿಯಾಗಿ ಟೀ ಮಾಡಿ, ಬೇಗ! ಹಾಲು ಬೇಡ, ಕಾಯೋಕೆ ಪುರುಸೊತ್ತಿಲ್ಲ. ನೀವು ಆಂಬುಲೆನ್ಸಿಗೆ ಫೋನ್ ಮಾಡ್ರೀ!"

ಟೀ ಮಾಡಲು ಟೀಯಮ್ಮನಿಗೆ ಹೇಳಿಕೊಡಬೇಕೆ? ಕೈ ತಾನಾಗಿ ಓಡಿತು. ಹಾಲಿಲ್ಲದ ಟೀಗೆ ತಣ್ಣೀರು ಬೆರೆಸಿ, ಸಿಹಿ ಹಾಕಿ ತಂದಳು. ಸೊಸೆ ಮಾವನ ತಲೆಯನ್ನು ತೋಳಿನ ಮೇಲಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಸಿದಳು. ಅವನು ನುಂಗಿದ. ಎಲ್ಲರೂ ಅವನ ಮುಖವನ್ನೇ ನೋಡುತ್ತ ಕಾದರು. ಬೆವರು ನಿಲ್ಲಲಿಲ್ಲ. ಮಾತು ತೊದಲತೊಡಗಿತು. ಮಗ ಫ್ರಿಜ್ಜಿನಿಂದ ತಂಪು ಪಾನೀಯದ ಬಾಟಲಿ ತಂದ, ಅದನ್ನೂ ನಾಲ್ಕು ಗುಟುಕು ಕುಡಿಸಿದರು. ಸೊಸೆ ಮತ್ತೆ ಮೀಟರ್ ನೋಡಿದಳು. ಮೊದಲಿಗಿಂತ ಕೆಳಗಿತ್ತು.

"ಯಾಕೆ ಏರ್ತಿಲ್ಲ? ಅತ್ತೆ, ಇನ್ನೊಂದು ಲೋಟ! ಇನ್ನೂ ಜಾಸ್ತಿ ಸಿಹಿ!"

ಅಡುಗೆಮನೆಯಲ್ಲಿ ಟೀಯಮ್ಮನ ಹೆಬ್ಬೆರಳು ಬಿಳಿ ಡಬ್ಬಿಯನ್ನು ಒತ್ತಿತು. ಟಕ್. ಟಕ್. ಟಕ್. ಟಕ್.

ಆ ಸದ್ದು ಕೇಳಿ ಸೊಸೆಯ ಮುಖದ ರಕ್ತವೆಲ್ಲ ಇಳಿದುಹೋಯಿತು. ಟೀಯಮ್ಮ ಬಾಗಿಲಿನಿಂದ ಅದನ್ನು ನೋಡಿದಳು. ನೋಡಿದ ಕೂಡಲೇ ಅವಳಿಗೂ ತಿಳಿಯಿತು. ಕೈಯಲ್ಲಿದ್ದ ಬಿಳಿ ಡಬ್ಬಿ ಜಾರಿ ನೆಲಕ್ಕೆ ಬಿತ್ತು.

"ಅಯ್ಯೋ, ಬರೀ ನಾಲಗೆಗೆ ಸಿಹಿ ಕೊಡ್ತಿದೀವಿ ಅತ್ತೆ! ರಕ್ತಕ್ಕೆ ಏನೂ ಹೋಗ್ತಿಲ್ಲ! ಈ ಬಾಟಲೀಲೂ ಇಲ್ಲ! ಸಕ್ಕರೆ, ಸಕ್ಕರೆ ಎಲ್ಲಿದೆ?"

ಎಲ್ಲಿರಬೇಕು? ಡಬ್ಬಿಯನ್ನು ಒಬ್ಬಳು ದಾನ ಮಾಡಿದ್ದಳು, ಪೊಟ್ಟಣವನ್ನು ಇನ್ನೊಬ್ಬಳು ಸಿಂಕಿಗೆ ಸುರಿದಿದ್ದಳು. ಇಲಿಗೆ ಹೆದರಿ ಮನೆ ಸುಟ್ಟ ಹಾಗಾಗಿತ್ತು.

ಸೊಸೆ ಮಾವನ ತಲೆಯನ್ನು ಗಂಡನ ತೊಡೆಯ ಮೇಲಿಟ್ಟು ಎದ್ದಳು. ಆ ಹುಡುಗಿ ಮದುವೆಯಾಗಿ ಬಂದಾಗಿನಿಂದ ಬೀದಿಯಲ್ಲಿ ಯಾರ ಬಳಿಯೂ ಒಂದು ಬೆಂಕಿಪೊಟ್ಟಣ ಕೇಳಿದವಳಲ್ಲ. ಅಂಥವಳು ಬರಿಗಾಲಲ್ಲಿ, ಕೆದರಿದ ತಲೆಯಲ್ಲಿ ಓಡಿದಳು. ಪಕ್ಕದ ಮನೆಯ ಬಾಗಿಲು ಬಡಿಯುವ ಸದ್ದು, "ಆಂಟಿ, ಸಕ್ಕರೆ ಕೊಡಿ, ಕೈಮುಗಿತೀನಿ, ಸಕ್ಕರೆ!" ಎಂಬ ಕೂಗು ಟೀಯಮ್ಮನಿಗೆ ಕೇಳಿಸಿತು. ಹೊಲಿಗೆ ಯಂತ್ರದ ಸದ್ದು ನಿಂತಿತು. ಮರುಗಳಿಗೆಯಲ್ಲಿ ಸೊಸೆಯೂ ಅವಳ ಹಿಂದೆ ಟೈಲರಮ್ಮನೂ ಒಳಗೆ ನುಗ್ಗಿದರು. ಸೊಸೆ ಎದೆಗೆ ಒತ್ತಿಕೊಂಡಿದ್ದುದು ಅದೇ ಹಳೇ ತಗಡಿನ ಡಬ್ಬಿ.

ನೀರಿಗೆ ಸಕ್ಕರೆ ಸುರಿದು ಕಲಸಿದರು. ಮೇಸ್ತ್ರಿ ಮೊದಲ ಗುಟುಕನ್ನು ಗಲ್ಲದ ಮೇಲೆ ಚೆಲ್ಲಿಕೊಂಡ, ಎರಡನೆಯದನ್ನು ನುಂಗಿದ, ಆಮೇಲೆ ಲೋಟವನ್ನು ತಾನೇ ಹಿಡಿದುಕೊಂಡ. ನಡುಕ ಕಮ್ಮಿಯಾಯಿತು. ಆಂಬುಲೆನ್ಸ್ ಬೀದಿಯ ತಿರುವಿಗೆ ಬರುವ ಹೊತ್ತಿಗೆ ಕಣ್ಣು ಬಿಟ್ಟು ಎಲ್ಲರನ್ನೂ ಒಂದು ಸುತ್ತು ನೋಡಿದ.

"ಏನೇ, ಇವತ್ತು ಟೀ ಇಷ್ಟು ಚೆನ್ನಾಗಿದೆ?"

ಟೀಯಮ್ಮ ಅವನ ಸಿಮೆಂಟು ಮೆತ್ತಿದ ಪಾದಗಳನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಕುಳಿತಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡು ಇನ್ಸುಲಿನ್ ಇಳಿಸಿದರು. ಬೈಯಲಿಲ್ಲ. "ಆ ಮಾತ್ರೆಯ ಗುಣಾನೇ ಅದು, ರಕ್ತದಲ್ಲಿ ಸಕ್ಕರೆ ಏರಿಸಲ್ಲ. ದಿನಾ ಟೀಗೆ ಅದೇ ಅನುಕೂಲ. ಸಕ್ಕರೆ ಇಳಿದಾಗ ಅದೇ ನಿಷ್ಪ್ರಯೋಜಕ. ಮಾತ್ರೆ ಬಿಡಬೇಕಾಗಿಲ್ಲ. ನಿಜವಾದ ಸಕ್ಕರೆ ಕೈಗೆ ಸಿಗೋ ಹಾಗಿರಲಿ. ಆಮೇಲೆ, ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಊಟ ಮುಂದಕ್ಕೆ ಹಾಕಬೇಡಿ ಮೇಸ್ತ್ರಿಗಳೇ," ಎಂದರು. ಮೇಸ್ತ್ರಿ ತಲೆಯಾಡಿಸಿದ. ಈ ಸಲ ಮೂವರೂ ಅವನನ್ನು ಅನುಮಾನದಿಂದ ನೋಡಿದರು.

ಮನೆಗೆ ಬಂದ ಮೇಲೆ ಸೊಸೆ ಅಡುಗೆಮನೆಯ ನೆಲದ ಮೇಲೆ, ಗೋಡೆಗೆ ಒರಗಿ ಕುಳಿತಳು. ಟೀಯಮ್ಮ ಅವಳ ಮುಂದೆ ಒಂದು ತಟ್ಟೆ ಅನ್ನ ಇಟ್ಟಳು.

"ನಾನು ದಿನಾ ಇದೇ ಕೆಲಸ ಮಾಡೋಳು ಅತ್ತೆ. ನನಗೇ ಹೊಳೀಲಿಲ್ಲ. ನಿಮ್ಮ ಮೇಲೆ ಬೇರೆ ಅನುಮಾನಪಟ್ಟೆ."

"ಊಟ ಮಾಡು."

"ತಪ್ಪಾಯ್ತು ಅತ್ತೆ."

"ನಾನೇನು ಕಮ್ಮಿಯಾ? ಬಿಂಕಕ್ಕೆ ಸಿಂಕಿಗೆ ಸುರಿದೆ. ಟೀ ಮಾಡಿದ ಕೈಯೂ ನಂದೇ. ಅನ್ನ ಆರುತ್ತೆ, ತಿನ್ನು." ಟೀಯಮ್ಮ ತಟ್ಟೆಯನ್ನು ಇನ್ನಷ್ಟು ಹತ್ತಿರ ಸರಿಸಿದಳು, "ಬರಿಗಾಲಲ್ಲಿ ಓಡಿದೆಯಲ್ಲ, ಕಾಲಿಗೇನಾದ್ರೂ ಚುಚ್ಚಿತಾ, ತೋರಿಸು."

ತಗಡಿನ ಡಬ್ಬಿ ಅದರ ಹಳೇ ಜಾಗಕ್ಕೆ ಬಂತು. ಸೊಸೆ ಅದರ ಮೇಲೆ ದಪ್ಪ ಅಕ್ಷರದಲ್ಲಿ "ಔಷಧಿ" ಎಂದು ಬರೆದಂಟಿಸಿದಳು. ಬಿಳಿ ಡಬ್ಬಿ ಪಕ್ಕದಲ್ಲೇ ನಿಂತಿತು. ಸಂಜೆಯಾದರೆ ಮೇಸ್ತ್ರಿ, "ಯಾಕೋ ನಿಶ್ಶಕ್ತಿ, ಒಂಚೂರು ಔಷಧಿ ಕೊಡೇ," ಎನ್ನುವುದು, ಸೊಸೆ ಮೀಟರ್ ಹಿಡಿದು ಬರುವುದು, ಅವನು ಅಲ್ಲಿಂದ ಮೆಲ್ಲಗೆ ಜಾರುವುದು ಮನೆಯ ಹೊಸ ತಮಾಷೆಯಾಯಿತು. ಹಿತ್ತಲಿನ ಸೊಟ್ಟ ಇಟ್ಟಿಗೆಗಳನ್ನು ಅವನು ಕಿತ್ತು ಹೊಸದಾಗಿ ಕೂರಿಸಿದ, ಅದೂ ಊಟ ಮಾಡಿದ ಮೇಲೆ.

ಒಂದು ದಿನ ಟೀಯಮ್ಮ ಗಂಡನಿಗೆ ಇನ್ಸುಲಿನ್ ತರಲೆಂದು ಸೊಸೆಯ ಅಂಗಡಿಗೆ ಹೋದಳು. ಸಂಜೆಯ ಹೊತ್ತು, ಸಾಲು ಬಾಗಿಲಿನವರೆಗೆ ಇತ್ತು. ಸೊಸೆ ಅವಳನ್ನು ನೋಡಲಿಲ್ಲ. ಕೌಂಟರಿನ ಮುಂದೆ ನಿಂತ ಒಬ್ಬ ಗಿರಾಕಿ ಅದೇ ಬಿಳಿ ಡಬ್ಬಿಯನ್ನು ಕೇಳುತ್ತಿದ್ದ.

"ಯಾರಿಗೆ ಸರ್? ಇನ್ಸುಲಿನ್ ತಗೋತಾರಾ?"

"ಹೌದು, ನಮ್ಮಮ್ಮನಿಗೆ."

"ಹಾಗಾದ್ರೆ ಒಂದು ಮಾತು. ಇದನ್ನ ಉಪಯೋಗಿಸಿ, ತೊಂದರೆ ಇಲ್ಲ. ಆದ್ರೆ ಮನೇಲಿ ನಿಜವಾದ ಸಕ್ಕರೆ ಇಟ್ಟಿರಿ. ಬೆವರಿ, ನಡುಗಿ, ಮಾತು ತೊದಲಿದ್ರೆ ಸಕ್ಕರೆ ನೀರು ಕುಡಿಸಿ. ಇದನ್ನ ಎಷ್ಟು ಹಾಕಿದ್ರೂ ಆಗ ಉಪಯೋಗ ಇಲ್ಲ."

ಹಿಂದೆ ಕುಳಿತಿದ್ದ ಅಂಗಡಿಯ ಯಜಮಾನ ಗೊಣಗಿದ. "ಬಂದವರಿಗೆಲ್ಲ ಪುರಾಣ ಓದ್ತಾ ನಿಂತ್ರೆ ವ್ಯಾಪಾರ ಆದ ಹಾಗೇ."

ಸೊಸೆ ಹಿಂದಿರುಗಿ ನೋಡಲಿಲ್ಲ. ದನಿಯನ್ನೂ ತಗ್ಗಿಸಲಿಲ್ಲ.

"ಇದು ಪುಸ್ತಕದ ಮಾತಲ್ಲ ಸರ್. ನಾನೇ ಮಾಡಿದ ತಪ್ಪು. ಮನೇಲಿದ್ದ ಸಕ್ಕರೆಯನ್ನೆಲ್ಲ ಹೊರಗೆ ಹಾಕಿದೆ. ನಮ್ಮ ಮಾವನಿಗೆ ಸಕ್ಕರೆ ಇಳಿದಾಗ ಮಾತ್ರೆ ಹಾಕಿದ ಟೀ ಕುಡಿಸಿದೆ. ಜೀವ ಹೋಗ್ತಿತ್ತು. ಪಕ್ಕದ ಮನೆಯವರು ಉಳಿಸಿದ್ರು. ಈ ಕೌಂಟರಲ್ಲಿ ನಿಂತು ಊರಿಗೆಲ್ಲ ಔಷಧಿ ಕೊಡೋ ನಾನೇ ಹಾಗೆ ಮಾಡಿದೆ ಅಂದ್ಮೇಲೆ, ನಿಮಗೆ ಹೇಳದೆ ಹೇಗೆ ಕಳಿಸಲಿ?"

ಟೀಯಮ್ಮ ಕಿವಿಗೊಟ್ಟು ನಿಂತಳು. ತಪ್ಪಾಯಿತು ಎಂಬ ಒಂದು ಮಾತು ತನ್ನೆದುರು ಆಡಲು ಎಷ್ಟು ದಿನ ತೆಗೆದುಕೊಂಡಳೋ, ಆ ಹುಡುಗಿ ಇಲ್ಲಿ ಗುರುತಿಲ್ಲದ ಜನರ ಮುಂದೆ ಅದನ್ನು ಬಾಯಿತುಂಬ ಹೇಳುತ್ತಿದ್ದಾಳೆ. ಅದೂ ಅತ್ತೆಯ ಹೆಸರನ್ನು ಎಲ್ಲೂ ಎತ್ತದೆ, ಎಲ್ಲವನ್ನೂ ತನ್ನ ತಲೆಯ ಮೇಲೇ ಹಾಕಿಕೊಂಡು. ಗಂಡ ಎತ್ತಿ ನಿಲ್ಲಿಸಿದ ದೊಡ್ಡ ದೊಡ್ಡ ಕಟ್ಟಡಗಳ ಮುಂದೆ ನಿಂತಾಗಲೂ ಟೀಯಮ್ಮನಿಗೆ ಇಷ್ಟು ಹೆಮ್ಮೆಯಾಗಿರಲಿಲ್ಲ.

ಸಾಲಿನಲ್ಲಿ ಮುಂದಿದ್ದ ಹೆಂಗಸು ಹಿಂದಕ್ಕೆ ತಿರುಗಿ ಪಿಸುಗುಟ್ಟಿದಳು. "ಅಬ್ಬಾ, ತನ್ನ ತಪ್ಪು ತಾನೇ ಸಾರ್ತಾಳಲ್ಲ! ಯಾರ ಮನೆ ಹೆಣ್ಣೋ?"

ಟೀಯಮ್ಮ ಸೆಟೆದು ನಿಂತಳು. ಮೂರನೇ ಮಹಡಿಯಲ್ಲಿ ಕೆಲಸ ಮಾಡುವವರಿಗೆ ಟೀ ಆಯಿತೆಂದು ಕೆಳಗಿನಿಂದ ಕೂಗಿ ಹೇಳುತ್ತಿದ್ದ ಹಳೇ ದನಿ ಅವಳಿಗೆ ಹಾಗೇ ಇತ್ತು.

"ನಮ್ಮನೆ ಹೆಣ್ಣು! ನನ್ನ ಸೊಸೆ!"

ಅಂಗಡಿಯ ಜನವೆಲ್ಲ ತಿರುಗಿತು. ಸೊಸೆ ಬಿಳಿ ಡಬ್ಬಿಯನ್ನು ಕೈಯಲ್ಲೇ ಹಿಡಿದು, ಬಾಯಿ ತೆರೆದು ನಿಂತಳು. ಟೀಯಮ್ಮ ಸಾಲನ್ನು ಸೀಳಿಕೊಂಡು ಕೌಂಟರಿನ ಹತ್ತಿರ ಬಂದಳು.

"ಏನೇ, ಎಲ್ಲಾ ನೀನೊಬ್ಳೇ ಮಾಡಿದ ಹಾಗೆ ಹೇಳ್ತೀಯ? ಸಿಂಕಿಗೆ ಸುರಿದ ಅತ್ತೆ ಎಲ್ಲಿಗೆ ಹೋದಳು? ಹೇಳೋದಿದ್ರೆ ನನ್ನದನ್ನೂ ಸೇರಿಸಿ ಹೇಳು!"